ಉಪ್ಪಳದ ಅಂಗಡಿಯನ್ನು ಕೊಚ್ಚಿಯ ಪಟ್ಟಿಯಲ್ಲಿಟ್ಟು ನೋಡಬೇಡಿ

ಸ್ಟೇಷನರಿ ಅಂಗಡಿಗಳ ಸರಣಿ ನಡೆಸುವ ಕಂಪನಿಗಳ ತಿಂಗಳ ವರದಿ ಹೆಚ್ಚಾಗಿ ಒಂದೇ ತರ ಇರುತ್ತದೆ. ಕೇರಳದ ಅಂಗಡಿಗಳು ಒಂದು ಪಟ್ಟಿ, ಕರ್ನಾಟಕದ ಅಂಗಡಿಗಳು ಇನ್ನೊಂದು ಪಟ್ಟಿ. ಮಾರಾಟ ಜಾಸ್ತಿ ಇದ್ದದ್ದು ಮೇಲೆ, ಕಡಿಮೆ ಇದ್ದದ್ದು ಕೆಳಗೆ. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕರ್ನಾಟಕದ ಗಡಿಯ ಹತ್ತಿರ ಇರುವ ಮಂಜೇಶ್ವರ, ಉಪ್ಪಳ, ಬದಿಯಡ್ಕದಂಥ ಊರಿನ ಅಂಗಡಿಗಳು ಎರ್ನಾಕುಳಂ, ಕೋಝಿಕ್ಕೋಡಿನ ಅಂಗಡಿಗಳ ಕೆಳಗೆ ಎಲ್ಲೋ ತಳದಲ್ಲಿ ಕೂತಿರುತ್ತವೆ. ಯಾವುದನ್ನು ಮುಚ್ಚೋಣ ಎಂಬ ಮಾತು ಬಂದಾಗ ಬೆರಳು ಮೊದಲು ಹೋಗುವುದು ಅಲ್ಲಿಗೇ.

ಅಂಗಡಿಗೆ ಜಾಗ ನೋಡುವುದು, ಅದರ ವ್ಯಾಪಾರ ಅಳೆಯುವುದು ನನ್ನ ಉದ್ಯೋಗ. ಇಂಥ ಸಭೆಗಳಲ್ಲಿ ನಾನು ಹೇಳುವುದು ಇಷ್ಟೇ: ಗಡಿಯ ಅಂಗಡಿಯನ್ನು ರಾಜ್ಯದ ಜೊತೆ ಹೋಲಿಸಬೇಡಿ. ಅದು ನಂಬಿಕೊಂಡಿರುವ ಶಾಲೆ ಯಾವುದು, ಬಸ್ಸು ಯಾವ ಕಡೆಗೆ ಹೋಗುತ್ತದೆ, ಅದನ್ನು ನೋಡಿ.

ಮೊದಲು ಬಸ್ಸಿನ ಲೆಕ್ಕ. ಎರಡು ಪೇಟೆಗಳ ನಡುವೆ ಇರುವ ಜನ ಯಾವ ಕಡೆಗೆ ಹೋಗುತ್ತಾರೆ ಎಂದು ಅಂದಾಜು ಮಾಡುವ ಒಂದು ಹಳೆಯ ನಿಯಮ ಉಂಟು. ಅಮೆರಿಕದ ವಿಲಿಯಂ ರೈಲಿ 1931ರಲ್ಲಿ ಅದನ್ನು ಬರೆದರು. ಪೇಟೆ ದೊಡ್ಡದಾದಷ್ಟೂ ಸೆಳೆತ ಹೆಚ್ಚು, ದೂರ ಹೆಚ್ಚಾದಷ್ಟೂ ಸೆಳೆತ ಬೇಗ ಬೇಗ ಇಳಿಯುತ್ತದೆ: ದೂರ ಎರಡು ಪಟ್ಟಾದರೆ ಸೆಳೆತ ಕಾಲು ಭಾಗ. ನಮ್ಮ ಊರಿಗೆ ಹಾಕಿ ನೋಡೋಣ. 2011ರ ಜನಗಣತಿಯಲ್ಲಿ ಮಂಗಳೂರು ನಗರದ ಜನಸಂಖ್ಯೆ ಸುಮಾರು 5 ಲಕ್ಷ, ಕಾಸರಗೋಡು ನಗರಸಭೆಯದ್ದು ಸುಮಾರು 54 ಸಾವಿರ. ಅಂದರೆ ಒಂಬತ್ತು ಪಟ್ಟು. ಒಂಬತ್ತರ ವರ್ಗಮೂಲ ಮೂರು, ಅಂದರೆ ದಾರಿಯಲ್ಲಿ ಮಂಗಳೂರಿಗೆ ಮೂರು ಪಾಲು, ಕಾಸರಗೋಡಿಗೆ ಒಂದು ಪಾಲು, ಒಟ್ಟು ನಾಲ್ಕು. ಎರಡು ಪೇಟೆಗಳ ನಡುವಿನ ದಾರಿ ಸುಮಾರು 50 ಕಿಲೋಮೀಟರ್. ನಾಲ್ಕರಿಂದ ಭಾಗಿಸಿದರೆ ಹನ್ನೆರಡೂವರೆ. ಕಾಸರಗೋಡು ಪೇಟೆಯ ಸೆಳೆತ ಉತ್ತರಕ್ಕೆ ಸುಮಾರು ಹನ್ನೆರಡೂವರೆ ಕಿಲೋಮೀಟರ್ ತನಕ. ಅಲ್ಲಿಂದ ಆಚೆ ಮಂಗಳೂರು.

ಆ ಲೆಕ್ಕ ಹೋಗಿ ನಿಲ್ಲುವುದು ಕುಂಬಳೆಯ ಹತ್ತಿರ. ಈ ದಾರಿಯಲ್ಲಿ ಓಡಾಡುವವರು ಇದಕ್ಕೆ ತಲೆಯಾಡಿಸುತ್ತಾರೆ. ಬಟ್ಟೆಗೆ, ಬಂಗಾರಕ್ಕೆ, ಆಸ್ಪತ್ರೆಗೆ ಉಪ್ಪಳದವರು ಮಂಗಳೂರಿನ ಬಸ್ಸು ಹತ್ತುತ್ತಾರೆ. ರಾಜ್ಯದ ಗೆರೆ ತಲಪಾಡಿಯಲ್ಲಿದ್ದರೂ ಪೇಟೆಯ ಗೆರೆ ಕುಂಬಳೆಯಲ್ಲಿದೆ.

ಆದರೆ ನೋಟ್‌ಬುಕ್ಕಿಗೆ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಎರಡನೇ ಕ್ಲಾಸಿನ ಮಗುವಿಗೆ ನಾಲ್ಕು ಗೆರೆಯ ಪುಸ್ತಕ ಬೇಕೆಂದು ಟೀಚರ್ ಇವತ್ತು ಹೇಳಿದರೆ ನಾಳೆ ಬೆಳಿಗ್ಗೆ ಅದು ಚೀಲದಲ್ಲಿರಬೇಕು. ಅದಕ್ಕೋಸ್ಕರ ಯಾರೂ ತಲಪಾಡಿ ದಾಟುವುದಿಲ್ಲ. ಅದೇ ಮನೆಯ ಅಣ್ಣ ಮಂಗಳೂರಿನಲ್ಲೋ ದೇರಳಕಟ್ಟೆಯಲ್ಲೋ ಕಾಲೇಜಿಗೆ ಹೋಗುವವನು. ಅವನ ಕ್ಯಾಲ್ಕುಲೇಟರ್, ಡ್ರಾಯಿಂಗ್ ಶೀಟ್, ಒಳ್ಳೆ ಪೆನ್ನು ಎಲ್ಲ ಅಲ್ಲಿಂದಲೇ ಬರುತ್ತದೆ. ಒಂದೇ ಮನೆ, ಎರಡು ಪೇಟೆ. ಉಪ್ಪಳದಂಥ ಅಂಗಡಿಗೆ ಸಣ್ಣ ಬಿಲ್ಲು ಸಿಗುತ್ತದೆ, ದೊಡ್ಡ ಬಿಲ್ಲು ಗಡಿ ದಾಟುತ್ತದೆ. "ನಮ್ಮಲ್ಲಿ ಬಿಲ್ಲು ಸಣ್ಣದು ಸರ್, ಆದ್ರೆ ಜನ ನಿಲ್ಲುದಿಲ್ಲ, ಬರ್ತಾನೇ ಇರ್ತಾರೆ ಮಾರಾಯ್ರೆ" ಎಂದು ಆ ಕಡೆಯ ಮ್ಯಾನೇಜರ್ ಒಬ್ಬರು ಹೇಳಿದ್ದು ಸರಿಯಾಗಿಯೇ ಇದೆ. ಸರಾಸರಿ ಬಿಲ್ಲು ನೋಡಿ ಆ ಅಂಗಡಿಯನ್ನು ಸೋಮಾರಿ ಎನ್ನುವುದು ಅನ್ಯಾಯ.

ಗಡಿ ದಾಟುವ ಬಿಲ್ಲನ್ನು ಅಳೆಯುವುದು ಕಷ್ಟವೇನಲ್ಲ. ಮಂಗಳೂರು, ಅದರ ಪಕ್ಕದ ತೊಕ್ಕೊಟ್ಟಿನ ಕೌಂಟರಿನಲ್ಲಿ ಬಿಲ್ ಮಾಡುವಾಗ ಪಿನ್‌ಕೋಡ್ ಕೇಳಿದರೆ ಸಾಕು. ಮಂಗಳೂರಿನದ್ದು 575ರಿಂದ ಶುರು, ಕಾಸರಗೋಡು ಕಡೆಯದ್ದು 671ರಿಂದ. 671ರ ಬಿಲ್ಲುಗಳನ್ನು ಬೇರೆ ತೆಗೆದು ಏನೇನು ಕೊಂಡಿದ್ದಾರೆ ನೋಡಿ. ಗಡಿಯ ಈಚೆಯ ಅಂಗಡಿಯಲ್ಲಿ ಯಾವ ಸಾಮಾನು ಇಡಬೇಕಿತ್ತು ಎನ್ನುವುದು ಅದರಲ್ಲೇ ಬರೆದಿರುತ್ತದೆ.

ಇನ್ನು ಶಾಲೆಯ ಲೆಕ್ಕ. ಜೂನ್ ಮೊದಲ ವಾರ ಉಪ್ಪಳ, ಕುಂಬಳೆಯ ಕೌಂಟರಿಗೆ ಬರುವ ಚೀಟಿಗಳನ್ನು ನೋಡಬೇಕು. ಒಂದು ಕನ್ನಡದಲ್ಲಿ, ಒಂದು ಮಲಯಾಳದಲ್ಲಿ, ಒಂದು ಇಂಗ್ಲಿಷಿನಲ್ಲಿ. ಕನ್ನಡ ಮೀಡಿಯಂ ಮಗುವಿನ ಚೀಟಿಯಲ್ಲಿ ಎರಡು ಗೆರೆಯದ್ದು ಇಷ್ಟು, ಒಂದು ಗೆರೆಯದ್ದು ಇಷ್ಟು, ಗೆರೆ ಇಲ್ಲದ್ದು ಒಂದು, ಬೈಂಡ್ ಹಾಕುವ ಬ್ರೌನ್ ಪೇಪರ್ ಒಂದು ರೋಲ್, ಹೆಸರು ಬರೆಯುವ ಚೀಟಿ ಒಂದು ಶೀಟ್. ಹೊರಗೆ ಮಳೆ, ಒಳಗೆ ಒದ್ದೆ ಕೊಡೆಗಳ ಸಾಲು. ಚೀಟಿ ಹಿಡಿದು ನಿಂತ ಅಮ್ಮನ ಹತ್ತಿರ ತುಳುವಿನಲ್ಲಿ ಮಾತಾಡಿ, ಪಕ್ಕದವರ ಮಲಯಾಳ ಚೀಟಿ ಓದಿ, ಕಟ್ಟು ಕಟ್ಟಿ ಕೊಡುವ ಹುಡುಗಿ ಇದ್ದರೆ ಮಾತ್ರ ಆ ವಾರ ದಾಟುತ್ತದೆ. ಅಂಥವರು ಒಬ್ಬರು ಕೆಲಸ ಬಿಟ್ಟರೆ ಮಾರಾಟ ಇಳಿಯುತ್ತದೆ. ಏಕೆ ಇಳಿಯಿತು ಎಂದು ಯಾವ ವರದಿಯೂ ಹೇಳುವುದಿಲ್ಲ.

ಈ ಭಾಗದಲ್ಲಿ ಶಾಲೆ ತೆರೆಯುವುದು ವರ್ಷಕ್ಕೆ ಒಂದು ಸಲ ಅಲ್ಲ, ಎರಡು ಸಲ. ಬಹಳಷ್ಟು ಮದ್ರಸಾಗಳ ಹೊಸ ವರ್ಷ ಶುರುವಾಗುವುದು ರಂಜಾನ್ ಮುಗಿದ ಮೇಲೆ, ಶವ್ವಾಲ್ ತಿಂಗಳಲ್ಲಿ. ಆಗಲೂ ನೋಟ್‌ಬುಕ್, ಪೆನ್ಸಿಲ್, ಚೀಲ ಖರ್ಚಾಗುತ್ತದೆ. ಹಿಜರಿ ವರ್ಷ ನಮ್ಮ ಕ್ಯಾಲೆಂಡರಿಗಿಂತ ಸುಮಾರು 11 ದಿನ ಚಿಕ್ಕದು, ಹಾಗಾಗಿ ಈ ಸೀಸನ್ ವರ್ಷ ವರ್ಷ ಹಿಂದಕ್ಕೆ ಬರುತ್ತದೆ. 2018ರಲ್ಲಿ ಈದುಲ್ ಫಿತ್ರ್ ಜೂನ್ ಮಧ್ಯದಲ್ಲಿತ್ತು. ಎರಡು ಸೀಸನ್ ಹೆಚ್ಚುಕಡಿಮೆ ಒಟ್ಟಿಗೇ ಬಂದವು. 2024ರಲ್ಲಿ ಈದ್ ಏಪ್ರಿಲ್ ಎರಡನೇ ವಾರಕ್ಕೆ ಬಂತು, 2025ರಲ್ಲಿ ಮಾರ್ಚ್ ಕೊನೆಗೆ. ಹೀಗಿರುವಾಗ ಹೋದ ವರ್ಷದ ಏಪ್ರಿಲ್ ಜೊತೆ ಈ ವರ್ಷದ ಏಪ್ರಿಲ್ ಹೋಲಿಸಿ "ಇಷ್ಟು ಶೇಕಡಾ ಬಿತ್ತು" ಎಂದರೆ ಅದಕ್ಕೆ ಅರ್ಥವೇ ಇಲ್ಲ. ಹಳೆ ಅಂಗಡಿಯ ಈ ವರ್ಷದ ಮಾರಾಟವನ್ನು ಅದರದೇ ಹಿಂದಿನ ವರ್ಷದ ಜೊತೆ ಹೋಲಿಸುವುದು ನಮ್ಮ ಕಸುಬಿನ ದೊಡ್ಡ ಅಳತೆಗೋಲು. ಕಾಸರಗೋಡಿನಲ್ಲಿ ಅದನ್ನು ತಿಂಗಳಿಗೆ ಹಿಡಿಯಬೇಡಿ, ಸೀಸನ್ನಿಗೆ ಹಿಡಿಯಿರಿ. ಪರೀಕ್ಷೆಯೂ ಹಾಗೆಯೇ. ಕೇರಳದಲ್ಲಿ ಓಣಂ ಮುಂಚೆ ಪರೀಕ್ಷೆ, ದಕ್ಷಿಣ ಕನ್ನಡದಲ್ಲಿ ದಸರಾ ರಜೆಯ ಮುಂಚೆ. ಪೆನ್ನು, ಪ್ಯಾಡು ಬೇರೆ ಬೇರೆ ಹೊತ್ತಿಗೆ ಖಾಲಿಯಾಗುತ್ತವೆ.

ಕಾಸರಗೋಡಿನ ವಿದ್ಯಾನಗರದ ಕಥೆ ಬೇರೆ. ಅಲ್ಲಿ ಕಲೆಕ್ಟರೇಟ್ ಇದೆ, ಕಚೇರಿಗಳಿವೆ. ಎ4 ಕಾಗದದ ರೀಮು, ಫೈಲು, ಸ್ಟ್ಯಾಂಪ್ ಪ್ಯಾಡು ವರ್ಷವಿಡೀ ಹೋಗುತ್ತದೆ. ಅಂಥ ಅಂಗಡಿಯನ್ನು ಉಪ್ಪಳದ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸಬಾರದು.

ಅಳತೆಗೋಲು ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ಲೆಕ್ಕ ತಿಳಿಯಲಿ ಎಂದು ಸುಮ್ನೆ ಎರಡು ಅಂಗಡಿ ಊಹಿಸಿಕೊಳ್ಳಿ. ಕಾಸರಗೋಡು ಪೇಟೆಯಲ್ಲಿ ಸಾವಿರ ಚದರಡಿ, ತಿಂಗಳಿಗೆ 12 ಲಕ್ಷ ವ್ಯಾಪಾರ, ಬಾಡಿಗೆ 1.2 ಲಕ್ಷ, ಕೆಲಸಕ್ಕೆ ಎಂಟು ಜನ. ಬದಿಯಡ್ಕದಲ್ಲಿ 400 ಚದರಡಿ, 3.6 ಲಕ್ಷ ವ್ಯಾಪಾರ, ಬಾಡಿಗೆ 18 ಸಾವಿರ, ಇಬ್ಬರು. ಚದರಡಿಗೆ ನೋಡಿದರೆ ಪೇಟೆಯದ್ದು 1,200 ರೂಪಾಯಿ, ಬದಿಯಡ್ಕದ್ದು 900. ಪೇಟೆ ಗೆದ್ದಿತು. ಬಾಡಿಗೆಯ ಪಾಲು ನೋಡಿದರೆ ಪೇಟೆಯಲ್ಲಿ ನೂರಕ್ಕೆ 10, ಬದಿಯಡ್ಕದಲ್ಲಿ 5. ಒಬ್ಬರ ತಲೆಗೆ ಮಾರಾಟ ಪೇಟೆಯಲ್ಲಿ 1.5 ಲಕ್ಷ, ಬದಿಯಡ್ಕದಲ್ಲಿ 1.8 ಲಕ್ಷ. ಯಾವುದು ಒಳ್ಳೆಯ ಅಂಗಡಿ? ಒಂದೇ ಕಾಲಂ ನೋಡಿ ಮುಚ್ಚುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಆ ಅಂಗಡಿ ಹೋದರೆ ಒಂದು ಗ್ರಾಫ್ ಪುಸ್ತಕಕ್ಕಾಗಿ ಮಗುವಿನ ಅಪ್ಪ ಅರ್ಧ ದಿನದ ಕೂಲಿ ಬಿಟ್ಟು ಕಾಸರಗೋಡಿಗೆ ಹೋಗಬೇಕು.

ಗಡಿಯಲ್ಲಿ ಇನ್ನೊಂದು ತೊಡಕು ಉಂಟು. ಉಪ್ಪಳದಲ್ಲಿ ಸ್ಟಾಕ್ ಜಾಸ್ತಿಯಾಯಿತು, ತೊಕ್ಕೊಟ್ಟಿನಲ್ಲಿ ಖಾಲಿಯಾಯಿತು ಅಂತಿಟ್ಟುಕೊಳ್ಳಿ. ದಾರಿ ಹತ್ತಿರವೇ. ಆದರೆ ಕಂಪನಿ ಒಂದೇ ಆದರೂ ಜಿಎಸ್‌ಟಿ ನಂಬರು ಬೇರೆ: ಕೇರಳದ್ದು 32ರಿಂದ, ಕರ್ನಾಟಕದ್ದು 29ರಿಂದ ಶುರು. ಪೆನ್ನಿನಂಥ ತೆರಿಗೆ ಇರುವ ಸಾಮಾನು ದಾಟಿಸಬೇಕಾದರೆ ಮಾರಿದ ಹಾಗೆಯೇ ಇನ್‌ವಾಯ್ಸ್ ಹಾಕಿ ಐಜಿಎಸ್‌ಟಿ, ಅಂದರೆ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಮಾಲಿನ ತೆರಿಗೆ, ತೋರಿಸಬೇಕು. ಮಾಲಿನ ಬೆಲೆ 50 ಸಾವಿರ ರೂಪಾಯಿ ದಾಟಿದರೆ ಸಾಗಣೆಗೆ ಇ-ವೇ ಬಿಲ್ಲೂ ಬೇಕು. ಹೀಗಾಗಿ ಉಪ್ಪಳಕ್ಕೆ ಸ್ಟಾಕು ಎಷ್ಟೋ ದೂರದಿಂದ ಬರುತ್ತದೆ, ಹತ್ತಿರದ ಅಂಗಡಿಯಿಂದ ಬರುವುದಿಲ್ಲ. ಮಾಲು ಕೂತಿದ್ದಕ್ಕೆ ಅಂಗಡಿಯವರನ್ನು ಬೈಯುವ ಮುಂಚೆ ಇದನ್ನು ನೆನಪಿಡಬೇಕು.

ಪೂರ್ವದ ಕಡೆ ಲೆಕ್ಕ ಮತ್ತೆ ಬೇರೆ. ಚೆರ್ಕಳದಿಂದ ಒಂದು ದಾರಿ ಬದಿಯಡ್ಕ, ಪೆರ್ಲ ದಾಟಿ ವಿಟ್ಲದ ಕಡೆಗೆ ಹೋಗುತ್ತದೆ. ಇನ್ನೊಂದು ಮುಳ್ಳೇರಿಯ, ಆದೂರು ದಾಟಿ ಜಾಲ್ಸೂರಿಗೆ, ಅಲ್ಲಿಂದ ಸುಳ್ಯಕ್ಕೆ. ಪೆರ್ಲದ ಗಿರಾಕಿಯನ್ನು ಪುತ್ತೂರು ಸೆಳೆಯುತ್ತದೆ, ಮುಳ್ಳೇರಿಯದವರನ್ನು ಸುಳ್ಯ. ಕಂಪನಿಯ ನಕ್ಷೆಯಲ್ಲಿ ಪುತ್ತೂರಿನ ಅಂಗಡಿ ಬೇರೆ ರಾಜ್ಯದ ಬಣ್ಣದಲ್ಲಿದೆ, ಹಾಗಾಗಿ ಅದು ಪೆರ್ಲದ ಗಿರಾಕಿಯನ್ನು ತೆಗೆದುಕೊಳ್ಳುತ್ತಿದೆ ಎಂದು ಯಾರಿಗೂ ಕಾಣುವುದಿಲ್ಲ.

ಈ ಕಡೆ ಮುಂದಿನ ಅಂಗಡಿ ಎಲ್ಲಿ ಎಂದು ಯಾರಾದರೂ ಕೇಳಿದರೆ ಕುಂಬಳೆ ಎಂದು ನಾನು ತಟ್ಟನೆ ಹೇಳುವುದಿಲ್ಲ. ಅಲ್ಲಿ ತೆರೆದರೆ ಉಪ್ಪಳದ್ದೂ ಕಾಸರಗೋಡಿನದ್ದೂ ಗಿರಾಕಿಗಳು ಒಂದಷ್ಟು ಅತ್ತ ಸರಿಯುತ್ತಾರೆ. ಹೊಸ ಅಂಗಡಿಯ ಮಾರಾಟದಿಂದ ಅದನ್ನು ಕಳೆದೇ ನೋಡಬೇಕು. ನಾನು ಮೊದಲು ನೋಡುವುದು ಮುಳ್ಳೇರಿಯವನ್ನು. ಬಾಡಿಗೆ ಕಡಿಮೆ, ಸುತ್ತ ಕನ್ನಡ ಶಾಲೆಗಳಿವೆ, ಕಾಸರಗೋಡು ಪೇಟೆ ದೂರ. ಜೂನಿನಲ್ಲಿ ಅಲ್ಲ, ಏಪ್ರಿಲ್‌ಗೆ ಮೊದಲೇ ತೆರೆಯಬೇಕು. ಊರವರಿಗೆ ಅಂಗಡಿಯ ಮುಖ ಪರಿಚಯವಾಗಲು ಅಷ್ಟು ಸಮಯ ಬೇಕು.