ಆಂಟಿವೈರಸ್ ಫೋಲ್ಡರೇ ಡಿಲೀಟ್ ಮಾಡಿದೀನಿ, ಆದ್ರೂ ಹೋಗ್ತಿಲ್ಲ, ಏನ್ ಮಾಡ್ಲಿ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದೀನೋ ಲೆಕ್ಕ ಇಟ್ಟಿಲ್ಲ. ಮಂಡ್ಯದಲ್ಲಿ ಕಂಪ್ಯೂಟರ್ ರಿಪೇರಿ ಮಾಡೋನು ಅಂತ ಗೊತ್ತಾದ್ರೆ ಸಾಕು, ಫೋನಲ್ಲೂ ಕೇಳ್ತಾರೆ, ಬಸ್ ಸ್ಟ್ಯಾಂಡಲ್ಲೂ ಕೇಳ್ತಾರೆ, ಮದ್ವೆ ಮನೇಲಿ ಪಂಕ್ತೀಲಿ ಕೂತಿರುವಾಗ್ಲೂ ಪಕ್ಕದೋರು ಇದನ್ನೇ ಕೇಳ್ತಾರೆ. ಅದಕ್ಕೇ ಒಂದ್ಸಲ ಪೂರ್ತಿ ಬರೆದುಬಿಡ್ತಿದೀನಿ, ಇನ್ಮೇಲೆ ಕೇಳಿದೋರಿಗೆ ಇದನ್ನೇ ಕಳಿಸೋದು.

ಮೊದ್ಲು ಸರಿಯಾದ ದಾರಿ. ದುಡ್ಡು ಕೊಟ್ಟು ತಗೊಂಡಿರೋ ಆಂಟಿವೈರಸ್ ಆದ್ರೆ ಅದರ ಕೀ (ಲೈಸೆನ್ಸ್ ನಂಬರ್) ಬರೆದಿಟ್ಕೊಳ್ಳಿ. ಆಮೇಲೆ ಅದರ ಸೆಟ್ಟಿಂಗ್ಸ್ ಒಳಗೆ ಹೋಗಿ ಸೆಲ್ಫ್ ಪ್ರೊಟೆಕ್ಷನ್ (ತನ್ನನ್ನ ಯಾರೂ ಅಳಿಸದ ಹಾಗೆ ಕಾಯ್ಕೊಳ್ಳೋದು) ಅಂತ ಇರುತ್ತೆ, ಅದನ್ನ ಆಫ್ ಮಾಡಿ, ಪಾಸ್‌ವರ್ಡ್ ಹಾಕಿಟ್ಟಿದ್ರೆ ಅದನ್ನೂ ತೆಗೀರಿ. ಈಗ ವಿಂಡೋಸ್ ಸೆಟ್ಟಿಂಗ್ಸಲ್ಲಿ ಆ್ಯಪ್ಸ್‌ಗೆ ಹೋಗಿ ಅನ್‌ಇನ್‌ಸ್ಟಾಲ್ ಕೊಡಿ, ಮುಗಿದ ಮೇಲೆ ರೀಸ್ಟಾರ್ಟ್ ಮಾಡಿ. ಶಟ್ ಡೌನ್ ಮಾಡಿ ಆನ್ ಮಾಡೋದಲ್ಲ, ರೀಸ್ಟಾರ್ಟೇ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ, ಅದು ಆನ್ ಇದ್ರೆ ಶಟ್ ಡೌನ್ ಮಾಡಿದಾಗ ಸಿಸ್ಟಮ್‌ನ ಒಳಭಾಗ ಪೂರ್ತಿ ಆಫ್ ಆಗಲ್ಲ, ಡಿಸ್ಕಲ್ಲಿ ಮಲಗಿರುತ್ತೆ, ಬೆಳಗ್ಗೆ ಹಂಗೇ ಎದ್ದೇಳುತ್ತೆ, ತೆಗೀಬೇಕಾದ ಡ್ರೈವರ್ (ವಿಂಡೋಸ್ ಒಳಗೇ ಸೇರ್ಕೊಂಡು ಓಡೋ ಆಂಟಿವೈರಸ್ ಭಾಗ) ಸಮೇತ. ರೀಸ್ಟಾರ್ಟ್ ಕೊಟ್ರೆ ಮಾತ್ರ ಮೊದಲಿಂದ ಹೊಸದಾಗಿ ಶುರುವಾಗುತ್ತೆ. ಆಮೇಲೆ ಆಯಾ ಕಂಪನಿಯೋರೇ ಕೊಡೋ ಕ್ಲೀನಪ್ ಟೂಲ್ ಓಡಿಸಿ: ಮೆಕಾಫಿಗೆ ಎಂಸಿಪಿಆರ್, ಕ್ಯಾಸ್ಪರ್‌ಸ್ಕಿಗೆ ಕೆಎವಿ ರಿಮೂವರ್, ಅವಾಸ್ಟ್‌ಗೆ ಅವಾಸ್ಟ್ ಕ್ಲಿಯರ್, ಇಸೆಟ್‌ಗೂ ಅದರದ್ದೇ ಒಂದಿದೆ. ಕಂಪನಿ ಸೈಟಿಂದಾನೇ ಡೌನ್‌ಲೋಡ್ ಮಾಡ್ಕೊಳ್ಳಿ, ಸರ್ಚಲ್ಲಿ ಮೇಲ್ಗಡೆ ಬರೋ ಜಾಹೀರಾತು ಒತ್ತಬೇಡಿ. ಮತ್ತೆ ರೀಸ್ಟಾರ್ಟ್. ನೂರಕ್ಕೆ ತೊಂಬತ್ತು ಜನಕ್ಕೆ ಇಲ್ಲಿಗೇ ಕೆಲಸ ಮುಗೀತು.

ಆದ್ರೆ ಯಾರೂ ಇದನ್ನ ಮೊದ್ಲು ಮಾಡಲ್ಲ. ಮೊದ್ಲು ಮಾಡೋದು ಸಿ ಡ್ರೈವ್‌ಗೆ ಹೋಗಿ, ಪ್ರೋಗ್ರಾಂ ಫೈಲ್ಸ್ ತೆಗೆದು, ಫೋಲ್ಡರ್ ಮೇಲೆ ಶಿಫ್ಟ್ ಡಿಲೀಟ್. "ಫೋಲ್ಡರ್ ಹೋದ್ಮೇಲೆ ಸಾಫ್ಟ್‌ವೇರ್ ಎಲ್ಲಿರುತ್ತೆ ಸಾ?" ಅಂತ ನನ್ನನ್ನೇ ಕೇಳ್ತಾರೆ.

ಎಲ್ಲಿರುತ್ತೆ ಅಂದ್ರೆ, ಕಬ್ಬು ಕಡಿದ ಮೇಲೆ ಕಬ್ಬು ಎಲ್ಲಿರುತ್ತೆ? ಈ ಜಿಲ್ಲೆಯೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾ? ಮೇಲಿಂದು ಕಡಿದು ಗಾಡಿಗೆ ತುಂಬಿ ಫ್ಯಾಕ್ಟ್ರಿಗೆ ಕಳಿಸಿದ್ರೂ ಕೂಳೆ ಮಣ್ಣಲ್ಲೇ ಇರುತ್ತೆ, ನೀರು ಬಿಟ್ರೆ ಮತ್ತೆ ಚಿಗುರುತ್ತೆ. ಆ ಫೋಲ್ಡರ್ ಮೇಲಿನ ಕಬ್ಬು ಅಷ್ಟೇ. ಆಂಟಿವೈರಸ್‌ನ ಡ್ರೈವರ್‌ಗಳು ಸಾಮಾನ್ಯವಾಗಿ ವಿಂಡೋಸ್ ಫೋಲ್ಡರ್ ಒಳಗಿನ ಸಿಸ್ಟಮ್ 32, ಅದರೊಳಗೆ ಡ್ರೈವರ್ಸ್ ಅನ್ನೋ ಜಾಗದಲ್ಲಿ ಕೂತಿರುತ್ವೆ. ಅವನ್ನ ಯಾವಾಗ ಓಡಿಸ್ಬೇಕು ಅನ್ನೋದು ರಿಜಿಸ್ಟ್ರೀಲಿ, ಅಂದ್ರೆ ವಿಂಡೋಸ್ ತನ್ನ ಸೆಟ್ಟಿಂಗ್ಸ್ ಎಲ್ಲ ಬರೆದಿಡೋ ಪುಸ್ತಕದಲ್ಲಿ, ಬರೆದಿರುತ್ತೆ. ನೆಟ್‌ವರ್ಕ್ ಅಡಾಪ್ಟರ್‌ಗೆ ಬರೋದು ಹೋಗೋದನ್ನೆಲ್ಲ ತಪಾಸಣೆ ಮಾಡೋ ಒಂದು ಫಿಲ್ಟರ್ ಅಂಟಿಸಿರುತ್ತೆ. "ಈ ಕಂಪ್ಯೂಟರ್ ಕಾಯೋನು ನಾನೇ" ಅಂತ ವಿಂಡೋಸ್ ಸೆಕ್ಯುರಿಟಿ ಹತ್ರ ಹೆಸರು ಬೇರೆ ಬರೆಸಿರುತ್ತೆ. ಇದರಲ್ಲಿ ಒಂದನ್ನೂ ನಿಮ್ಮ ಶಿಫ್ಟ್ ಡಿಲೀಟ್ ಮುಟ್ಟಲ್ಲ.

ಇಷ್ಟು ಹಠ ಯಾಕೆ ಅಂತ ಬಯ್ಕೋತಾರೆ. ಹಠ ಇರ್ಲೇಬೇಕು, ಯಾಕಂದ್ರೆ ಎಷ್ಟೋ ವೈರಸ್ ಒಳಗೆ ಬಂದ ತಕ್ಷಣ ಮಾಡೋಕೆ ನೋಡೋ ಕೆಲಸ ಆಂಟಿವೈರಸ್ ಆಫ್ ಮಾಡೋದು, ಇಲ್ಲ ಡಿಲೀಟ್ ಮಾಡೋದು. ಡಿಲೀಟ್ ಒತ್ತಿದ್ದು ನೀವೋ ವೈರಸ್ಸೋ ಅಂತ ಅದಕ್ಕೆ ಹೆಂಗೆ ಗೊತ್ತಾಗ್ಬೇಕು? ಅದಕ್ಕೇ ಇಬ್ಬರಿಗೂ ಬಿಡಲ್ಲ ಅನ್ನುತ್ತೆ, ಅದರ ಕೆಲಸ ಅದು ಸರಿಯಾಗೇ ಮಾಡ್ತಿದೆ.

ಪಾಂಡವಪುರದ ಕಡೆ ಜೆರಾಕ್ಸ್ ಅಂಗಡಿ ಇಟ್ಕೊಂಡಿರೋ ಹುಡುಗ ಒಬ್ಬ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದ. ವಿಂಡೋಸಲ್ಲಿ ಡಿಲೀಟ್ ಆಗ್ತಿಲ್ಲ ಅಂತ ಪೆನ್ ಡ್ರೈವಲ್ಲಿ ಉಬುಂಟು ಹಾಕಿ, ಅದರಿಂದ ಬೂಟ್ ಮಾಡಿ, ಫೋಲ್ಡರ್ ಅಳಿಸಿದ್ದ. "ನೋಡಿ ಸಾ, ಫೋಲ್ಡರೇ ಇಲ್ಲ, ಆದ್ರೂ ಬೆಳಗ್ಗೆಯಿಂದ ನೆಟ್ ಬತ್ತಿಲ್ಲ, ಪಹಣಿ ತೆಗೆಸೋಕೆ ಜನ ನಿಂತವ್ರೆ" ಅಂತ ಲ್ಯಾಪ್‌ಟಾಪ್ ಎತ್ಕೊಂಡು ಬಂದ. ವೈಫೈ ಕಡ್ಡಿ ಪೂರ್ತಿ ಇದೆ, ಒಂದು ಪೇಜೂ ತೆರೆಯಲ್ಲ. ವೈಫೈ ಅಡಾಪ್ಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆಗೆದು ತೋರಿಸ್ದೆ, ಆ ಪಟ್ಟೀಲಿ ಅವನು ಅಳಿಸಿದೀನಿ ಅಂದ ಆಂಟಿವೈರಸ್‌ದೇ ಫಿಲ್ಟರ್ ಟಿಕ್ ಮಾರ್ಕ್ ಸಮೇತ ಕೂತಿತ್ತು. ನಾಲೇಲಿ ತೂಬು ಮುಚ್ಚೇ ಇದೆ, ತೆಗೆಯೋ ನೀರುಗಂಟೀನ ಇವನೇ ಓಡಿಸಿಬಿಟ್ಟಿದಾನೆ, ಗದ್ದೆಗೆ ನೀರು ಎಲ್ಲಿಂದ ಬರ್ಬೇಕು? ಟಿಕ್ ತೆಗೆದೆ, ನೆಟ್ ಬಂತು.

ಅಷ್ಟಕ್ಕೇ ಎದ್ದು ಹೊರಟ. ಕೂರಿಸ್ದೆ. ಕಮಾಂಡ್ ಪ್ರಾಂಪ್ಟ್‌ನ ಅಡ್ಮಿನ್ ಆಗಿ ತೆಗೆದು ಎಫ್‌ಎಲ್‌ಟಿಎಂಸಿ (fltmc) ಅಂತ ಹೊಡೆದ್ರೆ ಫೈಲ್‌ಗಳ ಮೇಲೆ ಕಣ್ಣಿಟ್ಟಿರೋ ಫಿಲ್ಟರ್‌ಗಳೆಲ್ಲ ಸಾಲಾಗಿ ಬರುತ್ವೆ, ಪಕ್ಕದಲ್ಲಿ ಒಂದೊಂದು ನಂಬರ್ ಇರುತ್ತೆ. ಆಂಟಿವೈರಸ್‌ಗಳಿಗೆ ಮೈಕ್ರೋಸಾಫ್ಟ್ ಕೊಟ್ಟಿರೋದು 320000ದಿಂದ ಶುರುವಾಗಿ 330000ದ ಒಳಗಿನ ನಂಬರ್, ವಿಂಡೋಸ್‌ದೇ ಆದ ಆಂಟಿವೈರಸ್ ಡಿಫೆಂಡರ್‌ದು 328010. ಇವನ ಲ್ಯಾಪ್‌ಟಾಪಲ್ಲಿ ಆ ಸಾಲಲ್ಲಿ ಹಳೇ ಆಂಟಿವೈರಸ್ಸಿನ ಫಿಲ್ಟರ್ ಮಾತ್ರ ಇನ್ನೂ ಓಡ್ತಾ ಇತ್ತು, ಡಿಫೆಂಡರ್ ಇರ್ಲೇ ಇಲ್ಲ. ಯಾಕಂದ್ರೆ ಹಳೇದು ಹೆಸರು ಬರೆಸಿದ್ದು ಹಂಗೇ ಇದೆ, ಅವರು ಕಾಯ್ತಿದಾರಲ್ಲ ಅಂತ ಡಿಫೆಂಡರ್ ಸುಮ್ನೆ ಕೂತಿದೆ. ಅಂದ್ರೆ ಊರೋರ ಆಧಾರು, ಬ್ಯಾಂಕ್ ಪಾಸ್‌ಬುಕ್ಕು ಎಲ್ಲ ಸ್ಕ್ಯಾನ್ ಮಾಡೋ ಆ ಮೆಷಿನ್‌ಗೆ ಕಾವಲೇ ಇಲ್ಲ. ನನಗೆ ಹೊಟ್ಟೆ ಉರಿಯೋದು ಇದಕ್ಕೆ.

ಇಂಥ ಸ್ಥಿತೀಲಿ ಮಾಡೋದೇನು? ಅದೇ ಆಂಟಿವೈರಸ್‌ನ ಮತ್ತೆ ಇನ್‌ಸ್ಟಾಲ್ ಮಾಡಿ. ಹೌದು, ತೆಗೀಬೇಕಾದ್ದನ್ನೇ ಮತ್ತೆ ಹಾಕ್ಬೇಕು. ಅದರ ಅನ್‌ಇನ್‌ಸ್ಟಾಲರ್ ಇದ್ದಿದ್ದು ನೀವು ಅಳಿಸಿದ ಫೋಲ್ಡರಲ್ಲೇ, ಎಲ್ಲೆಲ್ಲಿ ಏನೇನು ಇಟ್ಟಿದೆ ಅಂತ ಗೊತ್ತಿರೋದು ಅದಕ್ಕೆ. ಹಾಕಿ, ರೀಸ್ಟಾರ್ಟ್ ಮಾಡಿ, ಸರಿಯಾಗಿ ಅನ್‌ಇನ್‌ಸ್ಟಾಲ್ ಮಾಡಿ, ಆಮೇಲೆ ಟೂಲ್. ಆ ಹುಡುಗಂಗೂ ಹಂಗೇ ಮಾಡಿಕೊಟ್ಟೆ, ಡಿಫೆಂಡರ್ ತಾನಾಗೇ ಆನ್ ಆಯ್ತು.

"ಕ್ರೌಡ್‌ಸ್ಟ್ರೈಕ್ ಗಲಾಟೆ ಆದಾಗ ಫೈಲ್ ಡಿಲೀಟ್ ಮಾಡೇ ಅಲ್ವಾ ಎಲ್ರೂ ಸರಿ ಮಾಡ್ಕೊಂಡಿದ್ದು" ಅಂತ ವಾದ ಮಾಡೋರಿದಾರೆ. 2024ರ ಜುಲೈ 19, ಕ್ರೌಡ್‌ಸ್ಟ್ರೈಕ್ ಅನ್ನೋ ಕಂಪನಿಯ ಆಂಟಿವೈರಸ್ ಥರದ ಸಾಫ್ಟ್‌ವೇರಿಗೆ ಕೆಟ್ಟ ಅಪ್‌ಡೇಟ್ ಬಂದು ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್ ನೀಲಿ ಸ್ಕ್ರೀನ್ ತೋರಿಸ್ಕೊಂಡು ನಿಂತವು, ಏರ್‌ಪೋರ್ಟಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟಿದ್ರಲ್ಲ, ಅದು. ಅವತ್ತು ಅಳಿಸಿದ್ದು ಸೇಫ್ ಮೋಡಲ್ಲಿ (ಬೇಕೇಬೇಕಾದಷ್ಟನ್ನೇ ಹಾಕ್ಕೊಂಡು ವಿಂಡೋಸ್ ಏಳೋ ರೀತಿ), ಅದೂ ಕೆಟ್ಟುಹೋಗಿದ್ದ ಒಂದು ಅಪ್‌ಡೇಟ್ ಫೈಲ್ ಮಾತ್ರ, ಅದನ್ನ ತೆಗೆದಿದ್ದು ಸಾಫ್ಟ್‌ವೇರ್ ಮತ್ತೆ ಸರಿಯಾಗಿ ಓಡ್ಲಿ ಅಂತ. ಯಾರೂ ಸಾಫ್ಟ್‌ವೇರ್ ಕಿತ್ತಿಲ್ಲ. ಇದು ನನ್ನ ಮಾತನ್ನೇ ಸಾಬೀತು ಮಾಡುತ್ತೆ ನೋಡಿ, ಇವು ಸಿಸ್ಟಮ್‌ನ ಎಷ್ಟು ಆಳದಲ್ಲಿ ಬೇರು ಬಿಟ್ಟಿರುತ್ವೆ ಅಂದ್ರೆ ಒಂದು ಫೈಲ್ ಕೆಟ್ರೆ ಕಂಪ್ಯೂಟರೇ ಏಳಲ್ಲ.

ಟೂಲೂ ಓಡದಿದ್ರೆ ಸೇಫ್ ಮೋಡ್: ಶಿಫ್ಟ್ ಒತ್ತಿ ಹಿಡ್ಕೊಂಡು ರೀಸ್ಟಾರ್ಟ್, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ಮತ್ತೆ ರೀಸ್ಟಾರ್ಟ್ ಆದಾಗ 4. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲಿ ಬಿಟ್‌ಲಾಕರ್‌ನ 48 ಅಂಕಿ ಕೀ (ಡಿಸ್ಕಿಗೆ ಹಾಕಿರೋ ಬೀಗದ್ದು) ಕೇಳ್ಬಹುದು, ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಲ್ಲಿರುತ್ತೆ, ಮೊದ್ಲೇ ನೋಡಿಟ್ಕೊಂಡು ಹೋಗಿ. ರಿಜಿಸ್ಟ್ರಿ ಕ್ಲೀನರ್ ಅಂತ ಸಿಗೋವು ಬೇಡವೇ ಬೇಡ. ಆಫೀಸಿಂದ ಕೊಟ್ಟ ಲ್ಯಾಪ್‌ಟಾಪ್ ಆದ್ರೆ ಕೈ ಹಾಕ್ಬೇಡಿ, ಐಟಿಯೋರಿಗೆ ಹೇಳಿ.

ಇನ್ನೊಂದು ವಿಷ್ಯ, ಇದನ್ನ ಯಾರೂ ಸರಿಯಾಗಿ ಕೇಳಲ್ಲ ಆದ್ರೆ ಅರ್ಧ ಜನರ ಗೋಳು ಇದೇ. ಎಲ್ಲ ತೆಗೆದ ಮೇಲೂ ಮೂಲೇಲಿ "ನಿಮ್ಮ ಆಂಟಿವೈರಸ್ ಮುಗಿದಿದೆ, 5 ವೈರಸ್ ಸಿಕ್ಕಿದೆ" ಅಂತ ಬರ್ತಾನೇ ಇರುತ್ತೆ. ಅದು ಹೆಚ್ಚಿನ ಸಲ ಆಂಟಿವೈರಸ್ಸೇ ಅಲ್ಲ! ಯಾವಾಗ್ಲೋ ಯಾವ್ದೋ ಸಿನಿಮಾ ಡೌನ್‌ಲೋಡ್ ಸೈಟಲ್ಲಿ ಅಲೋ (Allow) ಅಂತ ಒತ್ತಿರ್ತೀರಿ, ಆ ಸೈಟು ಕ್ರೋಮ್ ಮೂಲಕ ಕಳಿಸ್ತಿರೋ ನೋಟಿಫಿಕೇಶನ್ ಅದು. ಪಾಪಪ್ ಒಳಗೇ ಸಣ್ಣಕ್ಷರದಲ್ಲಿ ಕ್ರೋಮ್ ಅಂತ, ಸೈಟ್ ಹೆಸರು ಸಮೇತ ಬರೆದಿರುತ್ತೆ, ಓದಿ ನೋಡಿ. ಕ್ರೋಮ್ ಸೆಟ್ಟಿಂಗ್ಸಲ್ಲಿ ಪ್ರೈವೆಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್, ಅಲ್ಲಿ ಗುರುತಿಲ್ಲದ ಸೈಟ್ ಎಲ್ಲ ಬ್ಲಾಕ್ ಮಾಡಿ. ಆ ಪಾಪಪ್ ಒತ್ತಿದ್ರೆ ಒಂದು ನಂಬರ್ ಕೊಡ್ತಾರೆ, ಫೋನ್ ಮಾಡಿದ್ರೆ ಎನಿಡೆಸ್ಕ್ (ದೂರದಿಂದ ನಿಮ್ಮ ಕಂಪ್ಯೂಟರ್ ನಡೆಸೋ ಸಾಫ್ಟ್‌ವೇರ್) ಹಾಕ್ಕೊಳ್ಳಿ ಅಂತಾರೆ. ಹಾಕ್ಕೋಬೇಡಿ. ಹಾಕ್ಕೊಂಡು ದುಡ್ಡು ಹೋಗಿದ್ರೆ ಮೊದ್ಲು ನೆಟ್ ಆಫ್ ಮಾಡಿ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ, ಲ್ಯಾಪ್‌ಟಾಪ್ ನನ್ನ ಹತ್ರ ತರೋದು ಅದಾದ್ಮೇಲೆ.