ನಾಲ್ಕು ವರ್ಷದ ಮಗುವಿನ ನೋಟ ಪರೀಕ್ಷೆ: ಒಂದೊಂದೇ ಕಣ್ಣು ಯಾಕೆ ನೋಡಬೇಕು?

ಮಕ್ಕಳ ಕಣ್ಣಿನ ವಿಭಾಗಕ್ಕೆ ಪೋಸ್ಟಿಂಗ್‌ ಹೋಗುವ ಆಪ್ಟೋಮೆಟ್ರಿ, ನರ್ಸಿಂಗ್ ಗೆಳೆಯರಿಗಾಗಿ ಈ ಟಿಪ್ಪಣಿ. ಪುಸ್ತಕದಲ್ಲಿ ಪರೀಕ್ಷೆಗಳೆಲ್ಲ ಸಾಲಾಗಿ ಇರುತ್ತವೆ. ಯಾವುದನ್ನು ಯಾಕೆ ಮಾಡ್ತೀವಿ ಅನ್ನೋದು ಮಾತ್ರ ಒಂದು ಮಗುವನ್ನು ಎದುರಿಗೆ ಕೂರಿಸಿಕೊಂಡಾಗಲೇ ತಲೆಗೆ ಹತ್ತುವುದು. ಹಾಗಾಗಿ ಒಂದು ಕಲ್ಪಿತ ಕೇಸ್ ಇಟ್ಟುಕೊಳ್ಳೋಣ.

ನಾಲ್ಕು ವರ್ಷ ತುಂಬಿದ ಹುಡುಗ. ಬಲಗಣ್ಣಿಗೆ ಕುಟಿಕೆ ಎದ್ದು ರೆಪ್ಪೆ ಊದಿ ಮುಚ್ಚಿಕೊಂಡಿತ್ತು. ಆ ಎರಡು ದಿನ ಹೊಸ್ತಿಲು ಎಡವುತ್ತಿದ್ದ, ತಟ್ಟೆಯಲ್ಲಿ ತುತ್ತು ಹುಡುಕುತ್ತಿದ್ದ. ಕುಟಿಕೆ ಇಳಿದ ಮೇಲೆ ಮತ್ತೆ ಮೊದಲಿನ ಹಾಗೇ ಓಡಾಟ. "ಈಗ ಸರಿ ಇದ್ದಾನಲ್ಲ, ಸುಮ್ನೆ ಯಾಕೆ ಆಸ್ಪತ್ರೆ" ಅಂತ ಅಜ್ಜಿ. ಅಮ್ಮನಿಗೆ ಸಮಾಧಾನ ಇಲ್ಲ, ಕರೆದುಕೊಂಡು ಬಂದಿದ್ದಾರೆ.

ಅಮ್ಮನ ಅನುಮಾನ ಸರಿ. ಬಲಗಣ್ಣು ಮುಚ್ಚಿದಾಗ ಮಗು ತಡವರಿಸಿತು ಅಂದ್ರೆ ಎಡಗಣ್ಣು ಕೆಲಸ ಮಾಡುತ್ತಿಲ್ಲ ಅಂತ ಅರ್ಥ ಇರಬಹುದು. ಎರಡೂ ಕಣ್ಣು ತೆರೆದಿದ್ದಾಗ ಒಳ್ಳೆಯ ಕಣ್ಣು ಎಲ್ಲವನ್ನೂ ನಿಭಾಯಿಸಿಬಿಡುತ್ತದೆ. ಮಗು ದೂರು ಹೇಳುವುದಿಲ್ಲ. ಹುಟ್ಟಿದಾಗಿನಿಂದ ಹಾಗೇ ಕಂಡಿದ್ದರೆ, ಎಲ್ಲರಿಗೂ ಹಾಗೇ ಕಾಣುತ್ತದೆ ಅಂದುಕೊಂಡಿರುತ್ತದೆ.

ಮೊದಲು ಮಾತು

ಟಾರ್ಚ್ ಕೈಗೆತ್ತಿಕೊಳ್ಳುವ ಮುಂಚೆ ಅಮ್ಮನ ಹತ್ತಿರ ನಾಲ್ಕು ಮಾತು ಕೇಳಿ. ತಿಂಗಳು ತುಂಬಿ ಹುಟ್ಟಿದ್ದಾ? ಹುಟ್ಟಿದಾಗ ತೂಕ ಎಷ್ಟಿತ್ತು? ನಮ್ಮ ದೇಶದಲ್ಲಿ 34 ವಾರಕ್ಕೆ ಮುಂಚೆ ಅಥವಾ 2 ಕೆಜಿಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳಿಗೆ 30 ದಿನದೊಳಗೆ ರೆಟಿನಾ (ಕಣ್ಣಿನ ಹಿಂಬದಿಯ ಪರದೆ) ಪರೀಕ್ಷೆ ಆಗಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರು ಮಾಡಿದ ಕಿಡ್‌ರಾಪ್ ಯೋಜನೆ ಇದಕ್ಕಾಗಿಯೇ ಕ್ಯಾಮೆರಾ ಹಿಡಿದು ಜಿಲ್ಲೆಗಳಿಗೆ ಹೋಗುತ್ತಿದೆ. ಮನೆಯಲ್ಲಿ ಯಾರಿಗಾದರೂ ಚಿಕ್ಕಂದಿನಲ್ಲೇ ಕನ್ನಡಕ, ಮೆಳ್ಳೆಗಣ್ಣು ಇತ್ತಾ? ಗಂಡ ಹೆಂಡತಿ ಸಂಬಂಧದಲ್ಲೇ ಮದುವೆ ಆದವರಾ? ಇದನ್ನು ಮೆಲ್ಲಗೆ ಕೇಳಿ, ತಪ್ಪು ಹೊರಿಸುವ ಧ್ವನಿ ಬೇಡ. ಸೋದರಮಾವ, ಅತ್ತೆ ಮಗ ಅಂತ ಮದುವೆ ನಮ್ಮಲ್ಲಿ ಇನ್ನೂ ಇದೆ. ಕೆಲವು ರೆಟಿನಾ ಕಾಯಿಲೆಗಳು ಅಂಥ ಮನೆಗಳಲ್ಲಿ ಹೆಚ್ಚಾಗಿ ಕಾಣುತ್ತವೆ.

ಕತ್ತಲಾದ ಮೇಲೆ ತಡವರಿಸುತ್ತಾನಾ ಅಂತಲೂ ಕೇಳಿ. ಹೌದು ಅಂದರೆ ತಾಯಿ ಕಾರ್ಡಿನಲ್ಲಿ ವಿಟಮಿನ್ ಎ ಡೋಸ್ ನೋಡಿ. 9 ತಿಂಗಳಿಗೆ ಮೊದಲನೆಯದು, 16-18 ತಿಂಗಳಿಗೆ ಎರಡನೆಯದು, ಆಮೇಲೆ ಆರಾರು ತಿಂಗಳಿಗೊಮ್ಮೆ, 5 ವರ್ಷದೊಳಗೆ ಒಟ್ಟು 9.

ಕೊನೆಗೆ ಅಮ್ಮನ ಮೊಬೈಲ್ ಕೇಳಿ. ಹಳೇ ಹುಟ್ಟುಹಬ್ಬದ ಫೋಟೋಗಳಲ್ಲಿ ಕಣ್ಣು ಹೇಗಿತ್ತು ಅನ್ನೋದು ಎಷ್ಟೋ ಸಲ ಮಾತಿಗಿಂತ ಚೆನ್ನಾಗಿ ತಿಳಿಯುತ್ತದೆ.

ಪಾಪೆ ಬೆಳ್ಳಗೆ ಕಂಡರೆ

ಡೈರೆಕ್ಟ್ ಆಪ್ತಾಲ್ಮೋಸ್ಕೋಪ್ (ಕಣ್ಣೊಳಗೆ ಬೆಳಕು ಬಿಟ್ಟು ನೋಡುವ ಉಪಕರಣ) ಹಿಡಿದು, ಮಂದ ಬೆಳಕಿನ ರೂಮಿನಲ್ಲಿ ಒಂದು ಕೈಯಳತೆ ದೂರದಿಂದ ಎರಡೂ ಪಾಪೆಗಳನ್ನು ಒಟ್ಟಿಗೆ ನೋಡಿ. ಎರಡರಲ್ಲೂ ಒಂದೇ ಥರದ ಕೆಂಪು-ಕಿತ್ತಳೆ ಹೊಳಪು ಬರಬೇಕು. ಒಂದು ಮಂಕಾಗಿದ್ದರೆ ಅಥವಾ ಎರಡರ ನಡುವೆ ವ್ಯತ್ಯಾಸ ಇದ್ದರೆ ಪವರ್ ಬೇರೆ ಬೇರೆ ಇರಬಹುದು, ಪೊರೆ ಇರಬಹುದು, ಮೆಳ್ಳೆಯೂ ಇರಬಹುದು.

ಬೆಳ್ಳಗೆ ಹೊಳೆದರೆ ಉಳಿದ ಪರೀಕ್ಷೆ ಅಲ್ಲೇ ನಿಲ್ಲಿಸಿ, ಅವತ್ತೇ ಡಾಕ್ಟರಿಗೆ ತೋರಿಸಿ. ರೆಟಿನೋಬ್ಲಾಸ್ಟೋಮಾ ಅನ್ನುವ ಕ್ಯಾನ್ಸರ್ ಸುಮಾರು 15-20 ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುವಂಥದ್ದು, ಅಪರೂಪವೇ. ಬೇಗ ಸಿಕ್ಕರೆ ಜೀವ ಉಳಿಯುತ್ತದೆ, ಎಷ್ಟೋ ಸಲ ಕಣ್ಣೂ ಉಳಿಯುತ್ತದೆ. ಫ್ಲ್ಯಾಶ್ ಫೋಟೋದಲ್ಲಿ ಒಂದು ಕಣ್ಣು ಬೆಳ್ಳಗಿದೆ ಅಂತ ಯಾರಾದರೂ ತೋರಿಸಿದರೂ ಇದೇ ನಿಯಮ. ಫೋಟೋ ತೆಗೆದ ಕೋನದಿಂದ ಹಾಗೆ ಕಾಣುವುದುಂಟು. ಆದರೆ ಅದನ್ನು ಡಾಕ್ಟರ್ ಹೇಳಲಿ, ನಾವು ಹೇಳೋದು ಬೇಡ.

ನಮ್ಮ ಹುಡುಗನಿಗೆ ಕೆಂಪು ಹೊಳಪು ಬಂತು. ಎಡಗಣ್ಣಿನದು ಸ್ವಲ್ಪ ಬೇರೆ ಥರ ಇದೆ, ಅಷ್ಟೆ. ಟಾರ್ಚ್ ಬೆಳಕು ಬಿಟ್ಟು ನೋಡಿದರೆ ಬೆಳಕಿನ ಚುಕ್ಕೆ ಎರಡೂ ಕಣ್ಣಿನಲ್ಲಿ ಪಾಪೆಯ ನಟ್ಟನಡುವೆಯೇ ಕೂತಿದೆ. ಅಂದರೆ ಎದ್ದು ಕಾಣುವ ಮೆಳ್ಳೆ ಇಲ್ಲ. ಚುಕ್ಕೆ ಪಾಪೆಯ ಅಂಚಿನಲ್ಲಿದ್ದರೆ ಸುಮಾರು 15 ಡಿಗ್ರಿ, ಕಪ್ಪುಗುಡ್ಡೆಯ ಅಂಚಿನಲ್ಲಿದ್ದರೆ 45 ಡಿಗ್ರಿ ಮೆಳ್ಳೆ ಅಂತ ವೈವಾದಲ್ಲಿ ಕೇಳೇ ಕೇಳುತ್ತಾರೆ. ಮೆಳ್ಳೆಗಣ್ಣು ಅದೃಷ್ಟ ಅಂತ ಮನೆಯವರು ಹೇಳಿದರೆ ವಾದಕ್ಕೆ ಇಳಿಯಬೇಡಿ. ಅದೃಷ್ಟ ಇರಲಿ, ನೋಟವೂ ಇರಲಿ ಅಂದರೆ ಸಾಕು.

ಇಲ್ಲೇ ಇರುವುದು ಮೋಸ. ಕಣ್ಣು ನೇರವಾಗಿದೆ, ಕೆಂಪಾಗಿಲ್ಲ, ಮಗು ಚೂಟಿಯಾಗಿದೆ. ಟಾರ್ಚ್ ಪರೀಕ್ಷೆಗೇ ನಿಲ್ಲಿಸಿದ್ದರೆ ಈ ಹುಡುಗ ಪಾಸಾಗಿ ಮನೆಗೆ ಹೋಗುತ್ತಿದ್ದ.

ಚಾರ್ಟ್ ಮುಂದೆ ಕೂರಿಸುವುದು

ಅಕ್ಷರ ಬಾರದ ಮಕ್ಕಳಿಗೆ ಲೀ ಚಿತ್ರಗಳ ಚಾರ್ಟ್ ಇದೆ. ಫಿನ್ಲೆಂಡಿನ ಕಣ್ಣಿನ ಡಾಕ್ಟರ್ ಲೀ ಹೈವರಿನೆನ್ ಮಾಡಿದ್ದು. ಸೇಬು, ಮನೆ, ವೃತ್ತ, ಚೌಕ, ನಾಲ್ಕೇ ಚಿತ್ರ. ಮೊದಲು ಎರಡೂ ಕಣ್ಣು ತೆರೆದು, ಹತ್ತಿರ ಇಟ್ಟುಕೊಂಡು, ಮಗು ಯಾವುದಕ್ಕೆ ಏನು ಹೆಸರು ಹೇಳುತ್ತದೆ ಕೇಳಿ. ವೃತ್ತವನ್ನು ಇಡ್ಲಿ ಅಂದರೂ ಸರಿ, ಕೊನೆಯವರೆಗೂ ಇಡ್ಲಿ ಅಂತಲೇ ಹೇಳಿದರೆ ಆಯ್ತು. ನಾಚಿಕೊಂಡು ಬಾಯೇ ಬಿಡದಿದ್ದರೆ ತೊಡೆಯ ಮೇಲೆ ಅದೇ ನಾಲ್ಕು ಚಿತ್ರದ ಕಾರ್ಡ್ ಇಟ್ಟು, "ಪುಟ್ಟಾ, ಅಲ್ಲಿರೋದು ಇದರಲ್ಲಿ ಯಾವುದು, ಬೆರಳಿಟ್ಟು ತೋರಿಸು" ಅನ್ನಿ. ದೂರ 3 ಮೀಟರ್ ಸಾಕು. 6 ಮೀಟರಿನಲ್ಲಿ ಈ ವಯಸ್ಸಿನ ಮಗುವಿನ ಗಮನ ನಮ್ಮ ಕೈಗೆ ಸಿಗುವುದಿಲ್ಲ.

ಕಣ್ಣು ಮುಚ್ಚುವ ವಿಷಯದಲ್ಲಿ ಜಿಪುಣತನ ಬೇಡ. ಮಗುವಿನ ಕೈಯಿಂದ ಮುಚ್ಚಿಸಿದರೆ ಬೆರಳ ಸಂದಿಯಿಂದ ನೋಡುತ್ತದೆ. ಅಮ್ಮನ ಕೈ ಆದರೂ ಅಷ್ಟೇ, ಮಗ ಪಾಸಾಗಲಿ ಅಂತ ಕೈ ತಾನಾಗಿ ಸರಿಯುತ್ತದೆ! ಅಂಟುವ ಪಟ್ಟಿಯನ್ನೇ ಹಾಕಿ. ಅನುಮಾನ ಇರುವ ಕಣ್ಣನ್ನು ಮೊದಲು ನೋಡುವುದು ಒಳ್ಳೆಯದು. ಒಳ್ಳೆಯ ಕಣ್ಣಿನಲ್ಲಿ ಮೊದಲು ಓದಿದರೆ ಸಾಲು ಬಾಯಿಪಾಠ ಆಗಿಬಿಡುತ್ತದೆ. ಒಳ್ಳೆಯ ಕಣ್ಣು ಮುಚ್ಚಿದ ತಕ್ಷಣ ಮಗು ಅತ್ತು ಪಟ್ಟಿ ಕೀಳಲು ಹೋದರೆ, ಇನ್ನೊಂದು ಕಣ್ಣು ಮುಚ್ಚಿದಾಗ ಸುಮ್ಮನಿದ್ದರೆ, ಅದನ್ನು ಹಠ ಅಂತ ಬರೆಯಬೇಡಿ. ಅದೂ ಒಂದು ಫಲಿತಾಂಶವೇ. ಮಾತು ಬಾರದ ಕೂಸುಗಳಲ್ಲಿ ನಾವು ನಂಬುವುದು ಇದನ್ನೇ ಅಲ್ವಾ?

ಇನ್ನೊಂದು ವಿಷಯ. ಒಂದೇ ಒಂದು ಚಿತ್ರ ತೋರಿಸಿ ಪರೀಕ್ಷೆ ಮುಗಿಸಬೇಡಿ. ಮೆದುಳು ಬಳಸದೆ ಬಿಟ್ಟ ಕಣ್ಣಿಗೆ, ಅಂದರೆ ಸೋಮಾರಿ ಕಣ್ಣಿಗೆ (ಆಂಬ್ಲಿಯೋಪಿಯಾ), ಒಂಟಿ ಚಿತ್ರ ಚೆನ್ನಾಗಿ ಕಾಣುತ್ತದೆ, ಸಾಲಿನಲ್ಲಿ ಇಟ್ಟರೆ ಗೊಂದಲ ಆಗುತ್ತದೆ. ಹಾಗಾಗಿ ಪೂರ್ತಿ ಸಾಲು, ಇಲ್ಲವೇ ಸುತ್ತ ಗೆರೆ ಇರುವ ಚಿತ್ರವೇ ಬೇಕು.

ಎಷ್ಟು ಓದಿದರೆ ಸರಿ? 6/12 ಅಂದರೆ ಸಾಮಾನ್ಯ ಕಣ್ಣು 12 ಮೀಟರಿನಿಂದ ಓದುವುದನ್ನು ಈ ಕಣ್ಣು 6 ಮೀಟರಿನಿಂದ ಓದುತ್ತದೆ ಅಂತ; 3 ಮೀಟರಿನಲ್ಲಿ ಓದಿದ್ದನ್ನೂ ಇದೇ 6ರ ಲೆಕ್ಕದಲ್ಲಿ ಬರೆಯುತ್ತೇವೆ. 3 ತುಂಬಿದವರಿಗೆ 6/15, 4 ತುಂಬಿದವರಿಗೆ 6/12, 5 ದಾಟಿದ ಮೇಲೆ 6/9ರ ಹತ್ತಿರ. ಎರಡು ಕಣ್ಣಿನ ನಡುವೆ ಎರಡು ಸಾಲಿನ ವ್ಯತ್ಯಾಸ ಇದ್ದರೂ ಮುಂದಕ್ಕೆ ಕಳಿಸಲೇಬೇಕು.

ನಮ್ಮ ಹುಡುಗನದ್ದು ಬಲಗಣ್ಣು 6/9, ಎಡಗಣ್ಣು 6/36.

ಡ್ರಾಪ್ಸ್ ಹಾಕದೆ ಪವರ್ ನಂಬಬೇಡಿ

ಮಕ್ಕಳ ಕಣ್ಣಿನ ಮಸೂರ ಬಹಳ ಚುರುಕು. ಜೋರು ಹಾಕಿ, ಅಂದರೆ ಉಬ್ಬಿ ಫೋಕಸ್ ಸರಿಮಾಡಿಕೊಂಡು, ತನ್ನ ಪ್ಲಸ್ ಪವರನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅದನ್ನು ಸುಮ್ಮನಾಗಿಸಿದ ಮೇಲೆಯೇ ಪವರ್ ಅಳೆಯುವ ರೆಟಿನೋಸ್ಕೋಪ್ ಹಿಡಿಯಬೇಕು. ಸೈಕ್ಲೋಪೆಂಟೊಲೇಟ್ ಡ್ರಾಪ್ಸ್ ಆದರೆ ಕ್ಲಿನಿಕ್‌ನಲ್ಲೇ ಹಾಕಿ ಮುಕ್ಕಾಲು ಗಂಟೆ ಕಾಯಿಸಿದರೆ ನಡೆಯುತ್ತದೆ. ತುಂಬಾ ಚಿಕ್ಕವರಿಗೆ, ಮೆಳ್ಳೆ ಇರುವವರಿಗೆ ಡಾಕ್ಟರ್ 1% ಅಟ್ರೊಪಿನ್ ಮುಲಾಮು ಬರೆದುಕೊಡುತ್ತಾರೆ. ಅದನ್ನು ಮನೆಯಲ್ಲೇ ಮೂರು ದಿನ ಹಾಕಿ ಬರಬೇಕು.

ಅಟ್ರೊಪಿನ್ ಕೊಟ್ಟಾಗ ಅಮ್ಮನಿಗೆ ಬಿಡಿಸಿ ಹೇಳಿ. ಅಕ್ಕಿ ಕಾಳಿನಷ್ಟೇ ಹಚ್ಚಿ, ಹೊರಗೆ ಬಂದದ್ದನ್ನು ಒರೆಸಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಕೈ ತೊಳೆಯಿರಿ, ಟ್ಯೂಬ್ ಮಗುವಿಗೆ ಎಟುಕದ ಕಡೆ ಇಡಿ. ಮುಖ ಕೆಂಪಾಗಿ ಮೈ ಸುಟ್ಟರೆ, ಮಗು ಏನೇನೋ ಬಡಬಡಿಸಿದರೆ ನಿಲ್ಲಿಸಿ, ಕೂಡಲೇ ಕರೆದುಕೊಂಡು ಬನ್ನಿ. ಪಾಪೆ ಒಂದೆರಡು ವಾರ ಅಗಲವಾಗೇ ಇರುತ್ತದೆ, ಬಿಸಿಲಿಗೆ ಟೋಪಿ ಹಾಕಿ. ಇದನ್ನು ಮೊದಲೇ ಹೇಳದಿದ್ದರೆ, "ಔಷಧಿ ಹಾಕಿ ಕಣ್ಣು ಕೆಡಿಸಿದರು" ಅಂತ ಮಗುವನ್ನು ಮತ್ತೆ ತರುವುದೇ ಇಲ್ಲ.

ಈಗ ಸಿಕ್ಕ ಪವರ್: ಬಲ +1.00, ಎಡ +4.50. ಲೆಕ್ಕ ಒಂದು ಸಲ ಕಾಗದದ ಮೇಲೆ ಮಾಡಿ ನೋಡಿ.

ದೂರ ನೋಡುವಾಗ ಬಲಗಣ್ಣಿಗೆ 1 ಡಯಾಪ್ಟರ್ (ಪವರಿನ ಅಳತೆ) ಜೋರು ಬೇಕು, ಹಾಕುತ್ತದೆ. ಎರಡೂ ಕಣ್ಣು ಒಟ್ಟಿಗೆ, ಒಂದೇ ಅಳತೆಯಲ್ಲಿ ಜೋರು ಹಾಕುತ್ತವೆ. ಎಡಕ್ಕೆ ಬೇಕಿದ್ದದ್ದು 4.50, ಸಿಕ್ಕಿದ್ದು 1. ಕೊರತೆ 3.50. ಇನ್ನು 33 ಸೆಂಟಿಮೀಟರಿನಲ್ಲಿ ಪುಸ್ತಕ ನೋಡುವಾಗ ಇನ್ನೂ 3 ಬೇಕು. ಬಲಗಣ್ಣು ಒಟ್ಟು 4 ಹಾಕುತ್ತದೆ. ಎಡಕ್ಕೆ 7.50 ಬೇಕು, ಸಿಕ್ಕಿದ್ದು 4. ಕೊರತೆ ಮತ್ತೆ 3.50. ದೂರದ ಬಸ್ಸಾಗಲಿ, ಕೈಯಲ್ಲಿರುವ ಬಿಸ್ಕತ್ತಾಗಲಿ, ಎಡಗಣ್ಣಿನ ರೆಟಿನಾ ಮೇಲೆ ಒಂದು ಸಲವೂ ಸ್ಪಷ್ಟ ಚಿತ್ರ ಬಿದ್ದಿಲ್ಲ. ಮೆದುಳು ಆ ಕಣ್ಣಿನ ಮಾತು ಕೇಳುವುದನ್ನೇ ಬಿಟ್ಟಿದೆ. ಸೋಮಾರಿ ಕಣ್ಣು ಅನ್ನುವುದು ಇದನ್ನೇ. ನನ್ನ ಕೇಳಿದರೆ ಪಾಪ, ಆ ಕಣ್ಣಿಗೆ ಈ ಹೆಸರು ಅನ್ಯಾಯ.

ಇದೇ ಹುಡುಗನ ಎಡಗಣ್ಣು −3.00 ಆಗಿದ್ದರೆ ಕಥೆ ಬೇರೆ. 33 ಸೆಂಟಿಮೀಟರಿನಲ್ಲಿ ಜೋರು ಹಾಕದೆಯೇ ಅದಕ್ಕೆ ಸ್ಪಷ್ಟವಾಗಿ ಕಾಣುತ್ತಿತ್ತು, ಹತ್ತಿರದ ನೋಟಕ್ಕಾದರೂ ಕೆಲಸ ಸಿಗುತ್ತಿತ್ತು. ಒಂದು ಕಣ್ಣಿನ ಪ್ಲಸ್ ಪವರ್ ಮೈನಸ್‌ಗಿಂತ ಜಾಸ್ತಿ ಅಪಾಯ ಅನ್ನುವುದು ಇದಕ್ಕೇ. ಬಾಯಿಪಾಠ ಮಾಡಬೇಡಿ, ಈ ಲೆಕ್ಕ ನೆನಪಿದ್ದರೆ ಉತ್ತರ ತಾನಾಗಿ ಬರುತ್ತದೆ.

ಕನ್ನಡಕ, ಆಮೇಲೆ ಪಟ್ಟಿ

ಮೊದಲು ಕನ್ನಡಕ. ಪ್ಲಸ್ ಪವರನ್ನು ಸ್ವಲ್ಪ ಕಡಿಮೆ ಮಾಡಿ ಬರೆಯುವುದಿದೆ. ಆದರೆ ಎರಡೂ ಕಣ್ಣಿಗೆ ಸಮವಾಗಿ ಕಡಿಮೆ ಮಾಡಬೇಕು, 3.50ರ ವ್ಯತ್ಯಾಸ ಮಾತ್ರ ಹಾಗೇ ಉಳಿಯಬೇಕು. ಎಚ್ಚರ ಇರುವಷ್ಟೂ ಹೊತ್ತು ಹಾಕಿಸಿ ಕೆಲವು ವಾರ ಬಿಟ್ಟು ನೋಡಿದರೆ, ಕೆಲವು ಮಕ್ಕಳಿಗೆ ಕನ್ನಡಕವೊಂದರಿಂದಲೇ ನೋಟ ಸುಧಾರಿಸಿರುತ್ತದೆ.

ಸಾಲದಿದ್ದರೆ ಒಳ್ಳೆಯ ಕಣ್ಣಿಗೆ ಪಟ್ಟಿ. ಅಮೆರಿಕದಲ್ಲಿ 7 ವರ್ಷದೊಳಗಿನ ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲಿ, ಮಧ್ಯಮ ತೊಂದರೆಗೆ ದಿನಕ್ಕೆ 2 ಗಂಟೆ ಪಟ್ಟಿ 6 ಗಂಟೆಯಷ್ಟೇ ಫಲ ಕೊಟ್ಟಿತು. 6/30 ಅಥವಾ ಅದಕ್ಕಿಂತ ಕೆಳಗಿರುವ ತೀವ್ರ ತೊಂದರೆಗೆ 6 ಗಂಟೆ, ಇಡೀ ದಿನ ಹಾಕಿದಷ್ಟೇ ಫಲ ಕೊಟ್ಟಿತು. ಕನ್ನಡಕ ಹಾಕಿಯೂ 6/36ರಲ್ಲೇ ಉಳಿದರೆ ನಮ್ಮ ಹುಡುಗ ಎರಡನೇ ಗುಂಪು. ಪಟ್ಟಿ ಚರ್ಮದ ಮೇಲೆ ಅಂಟಬೇಕು, ಕನ್ನಡಕದ ಗಾಜಿನ ಮೇಲಲ್ಲ. ಗಾಜಿಗೆ ಅಂಟಿಸಿದರೆ ಮೇಲಿನಿಂದ ಇಣುಕುತ್ತಾನೆ. ಪಟ್ಟಿ ಹಾಕಿದ ಹೊತ್ತಿನಲ್ಲಿ ಬಣ್ಣ ತುಂಬಿಸುವುದು, ಅವರೆಕಾಳು ಸುಲಿಸುವುದು, ಹೀಗೆ ಕಣ್ಣಿಗೆ ಕೆಲಸ ಇರಲಿ. ಹೇಳಿದ ದಿನಕ್ಕೆ ಮತ್ತೆ ಬರಲೇಬೇಕು, ಮುಚ್ಚಿದ ಒಳ್ಳೆಯ ಕಣ್ಣಿನ ನೋಟ ಇಳಿದಿಲ್ಲವಲ್ಲ ಅಂತ ಪ್ರತಿ ಸಲ ನೋಡಬೇಕು.

7-8 ವರ್ಷ ದಾಟಿದ ಮೇಲೆ ಈ ಚಿಕಿತ್ಸೆಯ ಫಲ ಕಡಿಮೆಯಾಗುತ್ತ ಹೋಗುತ್ತದೆ. ಹಾಗಂತ ಹತ್ತು ವರ್ಷದವರನ್ನು "ವಯಸ್ಸು ಮೀರಿತು" ಅಂತ ವಾಪಸ್ ಕಳಿಸಬೇಡಿ, ಅವರಲ್ಲೂ ಎಷ್ಟೋ ಮಕ್ಕಳಿಗೆ ಸುಧಾರಿಸುತ್ತದೆ.

ಎಲ್ಲಿಗೆ ಕಳಿಸುವುದು?

ಹಳ್ಳಿಯ ಮಗುವಿಗೆ ಹತ್ತಿರದ ದಾರಿ ಅಂದ್ರೆ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ). 2013ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಕಾರ್ಯಕ್ರಮ. ಅದರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬರಬೇಕು. ಅಲ್ಲಿ ಸಿಕ್ಕಿದ ತೊಂದರೆಯನ್ನು ಜಿಲ್ಲಾ ಆಸ್ಪತ್ರೆಯ ಶೀಘ್ರ ಪತ್ತೆ ಕೇಂದ್ರಕ್ಕೆ ಕಳಿಸುತ್ತಾರೆ. ಬೆಂಗಳೂರಿನಲ್ಲಾದರೆ ಸರ್ಕಾರದ ಮಿಂಟೋ ಆಸ್ಪತ್ರೆ ಇದೆ. ರೆಫರಲ್ ಚೀಟಿಯಲ್ಲಿ "ಕಣ್ಣಿನ ತೊಂದರೆ" ಅಂತಷ್ಟೇ ಗೀಚಬೇಡಿ. ಯಾವ ಕಣ್ಣು, ಯಾವ ಚಾರ್ಟ್, ಎಷ್ಟು ದೂರ, ಎಷ್ಟು ಓದಿತು, ಡ್ರಾಪ್ಸ್ ಹಾಕಿತ್ತಾ ಇಲ್ಲವಾ, ಎಲ್ಲ ಬರೆಯಿರಿ. ಮುಂದಿನವರಿಗೆ ಅರ್ಧ ದಿನ ಉಳಿಯುತ್ತದೆ.

ಹಾಗೇ ಆ ಹುಡುಗನಿಗೆ ತಂಗಿ ಇದ್ದರೆ ಅವಳನ್ನೂ ಕರೆಸಿ. ಈ ಪವರ್ ಮನೆಮಂದಿಯಲ್ಲಿ ಹರಿಯುವಂಥದ್ದು. ಅವಳಿಗಿನ್ನೂ ಕುಟಿಕೆ ಎದ್ದಿರಲಿಕ್ಕಿಲ್ಲ, ಅಷ್ಟೆ.