ಬಾಗಿಲ ಬೆಳಕಿಗೆ ಹಿಡಿದು ನೋಡಿ

ಸೀರೆ ಅಂಗಡಿಯಲ್ಲಿ ಅಮ್ಮಂದಿರು ಮಾಡುವ ಒಂದು ಕೆಲಸ ನಿಮಗೆ ಗೊತ್ತಿರುತ್ತದೆ. ಸೀರೆ ಮನಸ್ಸಿಗೆ ಬಂದರೂ ತಕ್ಷಣ ಬಿಲ್ ಹಾಕಿಸುವುದಿಲ್ಲ. ಸೆರಗನ್ನು ಅಂಗಡಿ ಬಾಗಿಲಿಗೆ ತಂದು ಹೊರಗಿನ ಬೆಳಕಿಗೆ ಹಿಡಿಯುತ್ತಾರೆ. ಒಳಗೆ ನವಿಲು ಬಣ್ಣ ಅನ್ನಿಸಿದ್ದು ಬಾಗಿಲಲ್ಲಿ ಬರೀ ಹಸಿರು. ಮಡಚಿ ವಾಪಸ್.

ಮನೆಗೆ ಅಬ್‌ಸ್ಟ್ರ್ಯಾಕ್ಟ್ ಚಿತ್ರ, ಅಂದರೆ ಇದು ಮರ, ಇದು ಮುಖ ಅಂತ ಗುರುತು ಸಿಗದ, ಬರೀ ಬಣ್ಣ-ಗೆರೆಗಳ ಚಿತ್ರ ಕೊಳ್ಳುವವರಿಗೂ ನಾನು ಹೇಳುವುದು ಇದನ್ನೇ. ಚಿತ್ರಗಳಿಗೆ ಫ್ರೇಮ್ ಹಾಕುವುದು, ಬೆಂಗಳೂರಿನ ಮನೆಮನೆಗೆ ಹೋಗಿ ಗೋಡೆಗೆ ಏರಿಸುವುದು ನನ್ನ ಕೆಲಸ. ಸೋಫಾದ ಬಣ್ಣಕ್ಕೆ ಹೊಂದುತ್ತಾ ಅಂತ ಮೊಬೈಲಿನಲ್ಲಿ ಫೋಟೊ ಹಿಡಿದು ನೋಡುವವರೇ ಜಾಸ್ತಿ. ನಿಮ್ಮ ಹಾಲ್‌ನ ಬೆಳಕಿಗೆ ಹೊಂದುತ್ತಾ ಅಂತ ಕೇಳುವವರು ಕಡಿಮೆ.

ಅದಕ್ಕೂ ಮೊದಲು ಬರುವ ಪ್ರಶ್ನೆ, "ಸಾರ್, ಇದರಲ್ಲಿ ಏನಿದೆ?" ಮನೆ ಮುಂದಿನ ಚುಕ್ಕಿ ರಂಗೋಲಿಯಲ್ಲಿ ಏನಿದೆ ಅಂತ ನಾವು ಕೇಳುತ್ತೇವಾ? ಎಳೆ ಎಲ್ಲಿ ತಿರುಗಿತು, ಎಲ್ಲಿ ಬಂದು ಕೂಡಿತು ಅಂತ ಕಣ್ಣು ತಾನಾಗಿ ಹಿಂದೆ ಹೋಗುತ್ತದೆ. ಅಷ್ಟು ಸಾಕು. ಚಿತ್ರಕಲಾವಿದ ಎಸ್.ಎಚ್. ರಜಾ ಅವರ ಬಿಂದು ಚಿತ್ರಗಳು ಹೆಸರುವಾಸಿ. ಆ ಬಿಂದುವಿನ ಮೂಲ ಅವರ ಬಾಲ್ಯದಲ್ಲಿದೆ. ಗಮನ ನಿಲ್ಲದ ಹುಡುಗನಿಗಾಗಿ ಮೇಷ್ಟ್ರು ಗೋಡೆಯ ಮೇಲೆ ಒಂದು ಚುಕ್ಕಿ ಇಟ್ಟು, ಅದನ್ನೇ ನೋಡುತ್ತಾ ಕೂರು ಅಂದಿದ್ದರು. ಅರ್ಥ ಕೇಳಲಿಲ್ಲ, ಸುಮ್ನೆ ನೋಡಿಸಿದರು.

ಸುಮ್ನೆ ನೋಡುವುದು ಹೇಗೆ ಅಂತ ನನಗೆ ಕಲಿಸಿದ್ದು ಬಸವನಗುಡಿಯ ಒಬ್ಬ ಅಜ್ಜಿ. ಕೆಂಪು ಗಾರೆ ನೆಲದ ಹಳೆಯ ಮನೆ. ಮಗ, ಸೊಸೆ ಎರಡು ಚಿತ್ರ ಆರಿಸಿದ್ದರು. ಎರಡೂ ಮೂರಡಿಗೆ ನಾಲ್ಕಡಿ. ಒಂದರಲ್ಲಿ ಕೆಂಪು, ಕಿತ್ತಳೆ ಧಗಧಗ. ಇನ್ನೊಂದು ಪೂರ್ತಿ ಬೂದು. ಕಲಾವಿದರು ನನಗೆ ಪರಿಚಯ, ಒಂದು ವಾರ ಎರಡನ್ನೂ ಇಟ್ಟುಕೊಳ್ಳಿ ಅಂದರು. ಮನೆಯವರಿಗೆಲ್ಲ ಕೆಂಪೇ ಇಷ್ಟ. ಬೂದು ಚಿತ್ರ ನೋಡಿ ಅಜ್ಜಿ, "ಗೋಡೆಗೆ ಸಿಮೆಂಟ್ ಮೆತ್ತಿದ ಹಾಗಿದೆಯಲ್ಲಪ್ಪಾ" ಅಂದರು.

ಐದನೇ ದಿನ ಹೋದೆ. ಅಜ್ಜಿ ಹಾಲ್‌ನಲ್ಲಿ ಅವರೆಕಾಳು ಹಿಸುಕುತ್ತಾ ಕೂತಿದ್ದರು. "ಇರು, ನಾಲ್ಕೂವರೆ ಆಗಲಿ, ತೋರಿಸ್ತೀನಿ" ಅಂದರು. ಪಶ್ಚಿಮದ ಕಿಟಕಿಯಿಂದ ಬಿಸಿಲು ಗಾರೆ ನೆಲಕ್ಕೆ ಬಿತ್ತು. ನೆಲದಿಂದ ಎದ್ದ ಕೆಂಪು ಬೆಳಕು ಕೆಳಗಿನಿಂದ ಚಿತ್ರವನ್ನು ಸವರಿತು. ಬೂದು ಬಣ್ಣದ ಕೆಳಗಡೆ, ಬಲ ಮೂಲೆಯ ಹತ್ತಿರ, ಅರಿಶಿನದಂಥ ಒಂದು ಗೆರೆ ಎದ್ದು ಬಂತು. ಕಲಾವಿದರು ಮೊದಲು ಹಳದಿ ಬಳಿದು, ಮೇಲೆ ಬೂದು ಹಚ್ಚಿ, ಹಸಿ ಇರುವಾಗಲೇ ಚಾಕುವಿನಿಂದ ಕೆರೆದಿದ್ದರು. ಫ್ರೇಮ್ ಹಾಕಿದ್ದು ನಾನೇ. ನನ್ನ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಅದು ಕಂಡೇ ಇರಲಿಲ್ಲ. ಆ ಮನೆಯಲ್ಲಿ ಉಳಿದದ್ದು ಬೂದು ಚಿತ್ರ.

ಹಾಗಾಗಿ ಚಿತ್ರವನ್ನು ಎದುರಿನಿಂದ ಮಾತ್ರ ನೋಡಿ ಬರಬೇಡಿ. ಪಕ್ಕಕ್ಕೆ ಹೋಗಿ, ಕೆನ್ನೆ ಗೋಡೆಗೆ ತಾಗುವಷ್ಟು ಹತ್ತಿರ ನಿಂತು ನೋಡಿ. ಪದರಗಳು ಕಾಣುತ್ತವೆ. ಅಬ್‌ಸ್ಟ್ರ್ಯಾಕ್ಟ್ ಚಿತ್ರಗಳಿಗೆ ಹೆಸರಾದ ಕಲಾವಿದ ವಿ.ಎಸ್. ಗಾಯತೊಂಡೆ ಅವರು ರೋಲರ್, ಚಾಕು ಹಿಡಿದು ಪದರದ ಮೇಲೆ ಪದರ ಹಚ್ಚಿ ಬಣ್ಣದೊಳಗೆ ಬೆಳಕು ತರುತ್ತಿದ್ದರು. ಮೆಷಿನ್ನಿನಲ್ಲಿ ಅಚ್ಚು ಹಾಕಿದ ಪ್ರಿಂಟ್‌ನಲ್ಲಿ ಈ ಆಳ ಸಿಗುವುದಿಲ್ಲ. ಪ್ರಿಂಟ್ ಮೇಲೆ ಪಾರದರ್ಶಕ ಜೆಲ್ ಬಳಿದು ಬ್ರಶ್ ಗುರುತು ಮೂಡಿಸಿ ಮಾರುವವರೂ ಇದ್ದಾರೆ. ಬ್ರಶ್ ಹೋದ ದಿಕ್ಕು ಒಂದು, ಬಣ್ಣ ಹೋದ ದಿಕ್ಕು ಇನ್ನೊಂದು ಇದ್ದರೆ ಅನುಮಾನಪಡಿ. ಭೂತಗನ್ನಡಿ ಹಿಡಿದರೆ ಪ್ರಿಂಟಿನ ಸಣ್ಣ ಚುಕ್ಕಿಗಳು ಸಿಕ್ಕಿಬೀಳುತ್ತವೆ. ಪ್ರಿಂಟ್ ಕೊಳ್ಳುವುದು ತಪ್ಪಲ್ಲ. ಪ್ರಿಂಟಿಗೆ ಪ್ರಿಂಟಿನ ಬೆಲೆ ಕೊಡಿ, ಅಷ್ಟೇ.

ರಾತ್ರಿಯ ಬೆಳಕೂ ಮುಖ್ಯ. ಬಲ್ಬಿನ ಡಬ್ಬದ ಮೇಲೆ 6500ಕೆ (ಕೆ ಅಂದರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಅಂತಿದ್ದರೆ ಅದು ನೀಲಿ ಕಡೆಗೆ ವಾಲಿದ ಬಿಳಿ, ಕೆಂಪು ಮಣ್ಣಿನ ಬಣ್ಣಗಳೆಲ್ಲ ಅದರಲ್ಲಿ ಸಪ್ಪೆ. 3000ಕೆ ಇರಲಿ. ಬಲ್ಬು ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಳತೆ ಸಿ.ಆರ್.ಐ. ಅದು 90ಕ್ಕಿಂತ ಮೇಲಿದ್ದರೆ ಬಣ್ಣಗಳು ಇದ್ದ ಹಾಗೆ ಕಾಣುತ್ತವೆ.

ಎತ್ತರದ ವಿಷಯದಲ್ಲಿ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ, ದೇವರ ಪಟದಂತೆ ಮೇಲೆ ಏರಿಸುತ್ತಾರೆ. ಚಿತ್ರದ ನಡುಭಾಗ ನೆಲದಿಂದ ಸುಮಾರು 58 ಇಂಚಿಗಿರಲಿ. ಸೋಫಾ ಮೇಲಾದರೆ ಆರರಿಂದ ಎಂಟು ಇಂಚು ಬಿಟ್ಟು ಫ್ರೇಮ್ ಶುರುವಾಗಲಿ.

ಇನ್ನು ನಮ್ಮ ಊರಿನ ಮಳೆ. ಮೊದಮೊದಲು ನಾನೇ ಒಂದು ಕಾಗದದ ಚಿತ್ರವನ್ನು ಬಚ್ಚಲುಮನೆಯ ಗೋಡೆಗೆ ಅಂಟಿದಂತೆ ಹಾಕಿ ಬಂದಿದ್ದೆ. ಜುಲೈ ಕಳೆಯುವಷ್ಟರಲ್ಲಿ ಗಾಜಿನೊಳಗೆ ಕಂದು ಚುಕ್ಕಿಗಳು, ಬೂಷ್ಟು. ಇವತ್ತಿಗೂ ಆ ಚಿತ್ರ ನೆನೆದರೆ ಸಂಕಟವಾಗುತ್ತದೆ. ಕಾಗದ ಗಾಜಿಗೆ ತಾಗಬಾರದು, ನಡುವೆ ಆಸಿಡ್ ಇಲ್ಲದ ಮೌಂಟ್ ಬೋರ್ಡ್, ಅಂದರೆ ಚಿತ್ರದ ಸುತ್ತ ಅಂಚಿನಂತೆ ಬರುವ ದಪ್ಪ ರಟ್ಟು ಇರಬೇಕು. ಫ್ರೇಮಿನ ಕೆಳಗಿನ ಎರಡು ಮೂಲೆಗೆ ಹಿಂದಿನಿಂದ ರಬ್ಬರ್ ಬಿಲ್ಲೆ ಅಂಟಿಸಿ, ಗಾಳಿ ಆಡಲಿ. ಕ್ಯಾನ್ವಾಸ್ ಮಳೆಗಾಲದಲ್ಲಿ ಸ್ವಲ್ಪ ಜೋಲುವುದುಂಟು, ಗಾಬರಿ ಬೇಡ. ಹಿಂದೆ ಮರದ ಚೌಕಟ್ಟಿನ ಮೂಲೆಯಲ್ಲಿ ಪುಟ್ಟ ಮರದ ಬೆಣೆಗಳಿದ್ದರೆ, ಮೆಲ್ಲಗೆ ತಟ್ಟಿದರೆ ಬಿಗಿಯಾಗುತ್ತದೆ. ನೇರ ಬಿಸಿಲು ಮಾತ್ರ ಯಾವ ಚಿತ್ರಕ್ಕೂ ಬೇಡ.

ಎಲ್ಲಿ ನೋಡುವುದು? ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್‌ನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ. ಕೊಳ್ಳುವ ಆರು ತಿಂಗಳು ಮೊದಲೇ ಅಲ್ಲಿಗೆ ಹೋಗಲು ಶುರು ಮಾಡಿ, ಕಣ್ಣು ಪಳಗುತ್ತದೆ. ಕೊಳ್ಳುವುದಕ್ಕೆ ಜನವರಿಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಇದೆಯಲ್ವಾ, ಕುಮಾರಕೃಪಾ ರಸ್ತೆ ತುಂಬ ಕಲಾವಿದರೇ ಕೂತಿರುತ್ತಾರೆ. ಬೆಳಗ್ಗೆಯೇ ಹೋಗಿ, ಹನ್ನೊಂದರ ಮೇಲೆ ಚಿತ್ರಕ್ಕಿಂತ ಜನರ ಬೆನ್ನೇ ಜಾಸ್ತಿ. ಅನೇಕರು ಚದರ ಇಂಚಿನ ಲೆಕ್ಕದಲ್ಲಿ ಬೆಲೆ ಹೇಳುತ್ತಾರೆ, ಅದು ಮಾಮೂಲು ಪದ್ಧತಿ. ಸಹಿ, ವರ್ಷ, ಬಳಸಿದ ಬಣ್ಣ ಯಾವುದು ಎಂದು ಬರೆಸಿಕೊಳ್ಳಿ. ಆಯಿಲ್ ಬಣ್ಣವಾದರೆ ಯಾವಾಗ ಮುಗಿಸಿದ್ದು ಅಂತ ಕೇಳಿ. ದಪ್ಪ ಪದರ ಒಳಗೆ ಒಣಗಲು ತಿಂಗಳುಗಟ್ಟಲೆ ಬೇಕು.

ಕಲಾವಿದರನ್ನು ಇನ್ನೊಂದು ಮಾತು ಸಂಕೋಚವಿಲ್ಲದೆ ಕೇಳಿ. ಸ್ವಲ್ಪ ಅಡ್ವಾನ್ಸ್ ಕೊಟ್ಟು, ಒಂದು ವಾರ ಮನೆಯಲ್ಲಿಟ್ಟು ನೋಡಬಹುದಾ? ಒಪ್ಪುವ ಕಲಾವಿದರಿದ್ದಾರೆ. ಒಪ್ಪಿದರೆ ಗೋಡೆಗೆ ಮೊಳೆ ಹೊಡೆಯಬೇಡಿ. ಒಂದು ಕುರ್ಚಿಯ ಮೇಲಿಟ್ಟು ಗೋಡೆಗೆ ಒರಗಿಸಿ. ಬೆಳಗ್ಗೆ ಕಾಫಿ ಹೊತ್ತಿಗೆ ಒಂದು ಸಲ, ದೀಪ ಹಾಕುವ ಮುಂಚೆ ಒಂದು ಸಲ, ಹಾಕಿದ ಮೇಲೆ ಒಂದು ಸಲ ನೋಡಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರ ಕುರ್ಚಿಯನ್ನೂ ಎದುರಿಗೆ ಹಾಕಿ.